ಒಡಕಿನ ಬಾಬ್ತು

"ಹುಲ್ಲು ಸಾಲ್ದು. ಇನ್ನೊಂದು ಹೊರೆ ತರ್ಸಿ ಸರಸವ್ವ," ಎಂದು ಕದರಪ್ಪ ಗಾಡಿಯೊಳಗಿನಿಂದಲೇ ಕೂಗಿದ. ಮಂಡಿಯೂರಿ ಕೂತು ರಾಗಿಹುಲ್ಲನ್ನು ಮೂಲೆಮೂಲೆಗೆ ತುರುಕುತ್ತಿದ್ದ; ಮೊಣಕಾಲಿನಿಂದ ಒತ್ತಿ, ಸರಿ ಕಾಣದೆ ಮತ್ತೆ ಕಿತ್ತು ಹರಡುತ್ತಿದ್ದ. "ಬಿಗಿ ಆದ್ರೂ ಕಷ್ಟ, ಸಡ್ಲ ಆದ್ರೂ ಕಷ್ಟ. ಸೊಂಟದ ತಾವ ಬಿಗಿ ಇರ್ಬೇಕು, ಕತ್ತಿನ ತಾವ ಮೆತ್ತಗಿರ್ಬೇಕು."

ಅಂಗಳದಲ್ಲಿ ನಿಂತಿದ್ದ ಸರಸಮ್ಮ ಹಿತ್ತಲಿಗೆ ಆಳು ಕಳಿಸಿದಳು. ಅವಳ ತಂದೆ ಶಂಕರಲಿಂಗಪ್ಪನವರು ಬೆಳಗಿನ ಜಾವ ಕೊರಟಗೆರೆಯ ಈ ಮನೆಯಲ್ಲಿ, ಮಗಳ ಮನೆಯಲ್ಲಿ, ಲಿಂಗೈಕ್ಯರಾಗಿದ್ದರು. ಈಗ ನಡುಮನೆಯ ಗೋಡೆಗೊರಗಿ ಪದ್ಮಾಸನದಲ್ಲಿ ಕೂತಿದ್ದರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಆ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂತ ಹಾಗೆಯೇ ಮಣ್ಣಿಗೆ ಕೊಡುತ್ತಾರೆ. ಯಾವ ಊರಿನ ಮಣ್ಣಿಗೆ ಎಂಬುದೇ ಬೆಳಗಿನಿಂದ ನಡೆದಿದ್ದ ಜಗಳ.

"ಕೊರಟಗೆರೇಲಿ ಮಣ್ಣಿಗೇನಮ್ಮ ಬರ?" ಎಂದು ಜಗಲಿಯ ಮೇಲಿದ್ದ ಗುರುಶಾಂತಪ್ಪ ಮತ್ತೆ ಶುರು ಮಾಡಿದ. ಸತ್ತವರ ತಮ್ಮ; ಅಣ್ಣನಿಗೆ ಜೋರಾಗಿದೆ ಎಂದು ತಿಳಿದು ಹಿಂದಿನ ದಿನವೇ ಮಧುಗಿರಿಯಿಂದ ಬಂದಿದ್ದ. "ಬಸ್ಸಿನೋನು ಹತ್ತಿಸಲ್ಲ ಅಂದ. ಇನ್ನು ಈ ಗಾಡೀಲಿ, ಆ ದಾರೀಲಿ, ಆ ಹಳ್ಳ ದಾಟ್ಕೊಂಡು? ಕತ್ತು ವಾಲುತ್ತೆ, ಕಾಲು ಬಿಚ್ಕೊಳುತ್ತೆ, ಅಂಗೈಲಿರೋ ಲಿಂಗ ಎಲ್ಲೋ ಉರುಳುತ್ತೆ. ಅಂಥಾ ಸ್ಥಿತೀಲಿ ಅಣ್ಣನ್ನ ಊರ ಮುಂದೆ ಇಳಿಸ್ತೀಯಾ?"

"ಅಮ್ಮನ ಪಕ್ಕ ಜಾಗ ಬಿಟ್ಟಿದಾರೆ ಚಿಕ್ಕಪ್ಪ."

"ಜಾಗ ಬಿಟ್ಟೋರು ಅಲ್ಲೇ ಸಾಯ್ಬೇಕಾಗಿತ್ತು." ಅಂದುಬಿಟ್ಟ ಮೇಲೆ ಗುರುಶಾಂತಪ್ಪ ಶಲ್ಯದ ತುದಿಯಿಂದ ಮೂಗು ಒರೆಸಿಕೊಂಡು ಆ ಕಡೆ ತಿರುಗಿದ. ಕೆಟ್ಟವನಲ್ಲ, ಬಾಯಿ ಮಾತ್ರ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ.

ಮನೆತನದ ಜಂಗಮರು ರೇಣುಕಯ್ಯನವರೂ ಗುರುಶಾಂತಪ್ಪನ ಜೊತೆಗೇ ಮಧುಗಿರಿಯಿಂದ ಬಂದವರು. ಎದ್ದು ಗಾಡಿಯ ಹತ್ತಿರ ಹೋಗಿ ಕೇಳಿದರು: "ಕದರಪ್ಪ, ಹೊತ್ತು ಮುಳುಗೋದ್ರೊಳಗೆ, ಕೂತ ಭಂಗಿ ಕೆಡದ ಹಾಗೆ ಮುಟ್ಟಿಸ್ತೀಯಾ?"

ಕದರಪ್ಪ ತಲೆ ಎತ್ತಲಿಲ್ಲ. "ಗಾಜು ಮುಟ್ಸಿವ್ನಿ ಸಾಮಿ," ಎಂದ.

ಜಗಳ ಅಲ್ಲಿಗೆ ನಿಂತಿತು. ಗುಂಡಿ ತೋಡಿಸಲು ಸೈಕಲ್ಲಿನಲ್ಲಿ ಒಬ್ಬನನ್ನು ಮಧುಗಿರಿಗೆ ಮುಂದಾಗಿ ಓಡಿಸಿದರು.

*

ಮಧುಗಿರಿ ಪೇಟೆಯಲ್ಲಿ ಶಂಕರಲಿಂಗಪ್ಪನವರಿಗೆ ಅಂಗಡಿ ಇರಲಿಲ್ಲ. ಅಂಗಡಿಗಳ ಸಾಲಿನಲ್ಲಿ ಒಂದು ಜಗಲಿ ಇತ್ತು, ಜಗಲಿಯ ಮೇಲೊಂದು ಚಾಪೆ. ಆದರೂ ಶಿರಾದಿಂದ, ಪಾವಗಡದಿಂದ ವರ್ತಕರು ಹುಡುಕಿಕೊಂಡು ಬರುತ್ತಿದ್ದರು. ಲಾಂದ್ರ, ಹೊಲಿಗೆ ಯಂತ್ರ, ಪಿಂಗಾಣಿ ತಟ್ಟೆ, ಬೀಗ, ಗಡಿಯಾರ ಎಲ್ಲವೂ ಆಗ ಹಡಗಿನಲ್ಲೇ ಬರಬೇಕಿದ್ದ ಕಾಲ. ಪರದೇಶದಲ್ಲಿ ಅವುಗಳ ಬೆಲೆ ಎಷ್ಟು ಎಂದು ಯಾರು ಬೇಕಾದರೂ ಹೇಳುತ್ತಿದ್ದರು. ನಿಮ್ಮ ಅಂಗಡಿಯ ಬಾಗಿಲಿಗೆ ಬಂದು ನಿಂತಾಗ ಎಷ್ಟು ಎಂಬುದನ್ನು ಮಾತ್ರ ಶಂಕರಲಿಂಗಪ್ಪನವರೇ ಹೇಳಬೇಕಿತ್ತು. ಮದರಾಸಿನ ಬಂದರಿನ ಏಜೆಂಟರಿಗೆ ಕಾಗದ ಬರೆದು ದರ ತರಿಸಿಕೊಂಡು, ಹಡಗಿನ ಬಾಡಿಗೆ, ಸಮುದ್ರದ ವಿಮೆ, ಸುಂಕ, ರೈಲು ಎಂದು ಒಂದೊಂದೇ ಬಾಬ್ತು ಕೂಡಿಸಿ ಹೇಳಿದರೆಂದರೆ ಆ ಮಾತು ಅತ್ತಿತ್ತ ಆಗುತ್ತಿರಲಿಲ್ಲ.

ಸರಸಮ್ಮ ಅದನ್ನು ಕೇಳುತ್ತಲೇ ಬೆಳೆದವಳು. ಬೇರೆ ಮಕ್ಕಳಿಗೆ ಅಪ್ಪಂದಿರು ರಾಜರಾಣಿಯರ ಕತೆ ಹೇಳಿದರೆ ಇವಳಿಗೆ ಹಡಗಿನ ಬಾಡಿಗೆಯ ಕತೆ.

"ಹಡಗಿನೋನು ಭಾರಿ ಜಾಣ ಮಗಾ. ಕಬ್ಬಿಣ ಕಳಿಸಿದ್ರೆ ತೂಕಕ್ಕೆ ಬಾಡಿಗೆ ತಗೋತಾನೆ, ಹತ್ತಿ ಕಳಿಸಿದ್ರೆ ಜಾಗಕ್ಕೆ ತಗೋತಾನೆ. ಯಾವುದು ಜಾಸ್ತಿಯೋ ಅದು ಅವನದು."

"ವಿಮೆ ಅಂದ್ರೆ?"

"ಮುಳುಗಿದ್ರೆ ಕೊಡ್ತೀನಿ ಅನ್ನೋ ಮಾತು. ಆದ್ರೆ ಮಾಲಿನ ಬೆಲೆಗೆ ಮಾತ್ರ ವಿಮೆ ಮಾಡಿಸೋನು ದಡ್ಡ. ಮಾಲು ಮುಳುಗಿದ್ರೆ ಅದಕ್ಕೆ ಕೊಟ್ಟ ಬಾಡಿಗೇನೂ ಮುಳುಗಲ್ವಾ? ಅದನ್ನೂ ಸೇರಿಸ್ಬೇಕು. ಕಾದು ಕೂತಿದ್ದವನ ಲಾಭದ ಆಸೇನೂ ಮುಳುಗುತ್ತೆ. ಅದಕ್ಕೂ ಹತ್ತರಲ್ಲಿ ಒಂದು ಪಾಲು."

"ನೀವು ಸಮುದ್ರ ನೋಡಿದೀರಾ ಅಪ್ಪ?"

ನೋಡಿರಲಿಲ್ಲ. ಸಾಯುವ ತನಕ ನೋಡಲೂ ಇಲ್ಲ. ಅದಕ್ಕೆ ನಾಚಿಕೆಯೂ ಇರಲಿಲ್ಲ. "ನಮ್ಮ ದೇವರನ್ನ ನೋಡಿದೀನಾ? ದಿನಾ ಪೂಜೆ ಮಾಡಲ್ವಾ?" ಎಂದು ನಗುತ್ತಿದ್ದರು. ಯುರೋಪಿನಲ್ಲಿ ಯುದ್ಧ ಹತ್ತಿ, ಮದರಾಸಿನ ಮೇಲೆಯೇ ಗುಂಡು ಬಿದ್ದ ವರ್ಷ ವಿಮೆಯ ದರ ಬೆಟ್ಟ ಹತ್ತಿ ಕೂತಿತು. ಅದನ್ನು ಕೈಬಿಟ್ಟು ಅಂದಾಜು ಹೇಳಿ ಎಂದು ವರ್ತಕರು ದುಂಬಾಲು ಬಿದ್ದರು. "ವಿಮೆ ಬಿಟ್ಟು ಬೆಲೆ ಹೇಳೋದು, ಹೆಣ್ಣು ಬಿಟ್ಟು ಮದುವೆ ಮಾಡೋದು, ಎರಡೂ ನಂಗೆ ಬರಲ್ಲ," ಎಂದು ಜಗಲಿಯಿಂದ ಎದ್ದು ಒಳಗೆ ಹೋದರಂತೆ. ಊರಿನವರು ಬೈದರು, ಬೈದವರೇ ತಿರುಗಿ ಬಂದರು.

*

ಗಾಡಿ ಹೊರಡುವ ಹೊತ್ತಿಗೆ ಬಿಸಿಲು ಏರತೊಡಗಿತ್ತು. ನಂಟರು ಶಂಕರಲಿಂಗಪ್ಪನವರನ್ನು ಎತ್ತಿ ತಂದರು. ಗಾಡಿಯೊಳಗೆ ತೋಳು ಚಾಚಿ ಬರಮಾಡಿಕೊಂಡವನು ಕದರಪ್ಪ. ಬೆನ್ನಿಗೆ ಹಲಗೆ ಕೊಟ್ಟು, ಹಳೆಯ ಪಂಚೆಯ ಪಟ್ಟಿಗಳಿಂದ ಎದೆಗೆ, ಸೊಂಟಕ್ಕೆ, ಮಂಡಿಗೆ ಕಟ್ಟು ಹಾಕಿ, ಸಂದುಗಳಿಗೆ ಹುಲ್ಲು ತುಂಬಿ, ಮೇಲೆ ಬಿಳಿ ಮಡಿಬಟ್ಟೆ ಹೊದಿಸಿದ. ಯಾವ ಜಾತಿಯವನು ಯಾರನ್ನು ಮುಟ್ಟಿದ ಎಂದು ಆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ.

ಕದರಪ್ಪ ಗಾಡಿಯ ಮುಂದಿನ ಮೂಕಿಯ ಮೇಲೆ ಕೂರಲಿಲ್ಲ. ನೊಗದ ಪಕ್ಕ ನಡೆಯುತ್ತ, ಎತ್ತಿನ ಕೊರಳ ಮೇಲೆ ಕೈ ಇಟ್ಟು, "ನಿಂಪಾದಿಗಾ... ನಿಂಪಾದಿಗಾ ರಾ ನಾಯನಾ," ಎಂದು ಎತ್ತುಗಳಿಗೆ ನಿಧಾನ ಹೇಳುತ್ತಿದ್ದ. ಅವನು ಪಾವಗಡದ ಕಡೆಯವನು. ಮನುಷ್ಯರೊಂದಿಗೆ ಕನ್ನಡ, ಎತ್ತುಗಳೊಂದಿಗೆ ತೆಲುಗು. ಗುರುಶಾಂತಪ್ಪ, ರೇಣುಕಯ್ಯನವರು ನಂಟರ ಜೊತೆ ಗಾಡಿಯ ಹಿಂದೆ ನಡೆದು ಬರುತ್ತಿದ್ದರು. ಸರಸಮ್ಮ ತಂದೆಯ ಪಕ್ಕದಲ್ಲಿ ಕೂತು, ಮಡಿಯ ಅಂಚು ಸರಿಸಿ ಅಂಗೈಯ ಲಿಂಗವನ್ನೇ ನೋಡುತ್ತಿದ್ದಳು. ಗಾಲಿ ಪ್ರತಿ ಸಲ ಕಲ್ಲು ಹತ್ತಿದಾಗ ಅವಳು ಹಲಗೆಗೆ ಕೈ ಕೊಡುತ್ತಿದ್ದಳು.

"ಕದರಣ್ಣ, ಹೊತ್ತು ಏರ್ತಿದೆ, ಸ್ವಲ್ಪ ಜೋರಾಗಿ ಹೊಡೆದ್ರೆ?"

"ಬ್ಯಾಡ ಕಣವ್ವ. ಜೋರಾಗಿ ಹೋಗಿ ನಿಮ್ಮಪ್ಪಾರ ಕೈಲಿ ಒಂದ್ಸಲ ಸಿಕ್ಕಾಕ್ಕೊಂಡಿವ್ನಿ, ಸಾಕು."

ಅಳುತ್ತಿದ್ದ ಸರಸಮ್ಮನಿಗೆ ನಗು ಬಂತು. ಆ ಕತೆ ಅವಳಿಗೆ ಗೊತ್ತಿತ್ತು.

*

ಅದು ಅವಳು ಹುಟ್ಟುವ ಮುಂಚಿನ ಮಾತು. ಶಂಕರಲಿಂಗಪ್ಪನವರು ಮೊದಲ ಸಲ ದೊಡ್ಡ ಅಂದಾಜು ಹಾಕಿದ್ದರು. ಆಸ್ಟ್ರಿಯಾ ದೇಶದಿಂದ ದೀಪದ ಗಾಜು, ಮಧುಗಿರಿಯ ಒಬ್ಬ ವರ್ತಕರಿಗೆ. ಹಡಗು, ವಿಮೆ, ಸುಂಕ, ತುಮಕೂರಿನ ತನಕ ರೈಲು, ಎಲ್ಲವೂ ಕಾಸಿಗೆ ಕಾಸು ಕೂಡಿತ್ತು. ತುಮಕೂರು ಸ್ಟೇಷನ್ನಿನಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿದ ಏಜೆಂಟನು ಒಂದೂ ಒಡೆದಿಲ್ಲ ಎಂದು ತಂತಿ ಕೊಟ್ಟ. ಶಂಕರಲಿಂಗಪ್ಪನವರು ಪೇಟೆಯ ತುಂಬ ತಲೆ ಎತ್ತಿ ಓಡಾಡಿದರು.

ಪೆಟ್ಟಿಗೆಗಳು ಮಧುಗಿರಿಗೆ ಬಂದಾಗ ಅಲ್ಲಾಡಿಸಿದರೆ ಗೆಜ್ಜೆಯ ಸದ್ದು.

ಏಳು ಸಮುದ್ರ ದಾಟಿದ್ದು ಕೊರಟಗೆರೆಯಾಚೆಯ ಹಳ್ಳ ದಾಟಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಸಮುದ್ರದ ವಿಮೆಯವನಿಗೆ ಮದರಾಸಿನ ಆಚೆ ಸಂಬಂಧವಿಲ್ಲ. ಎತ್ತಿನ ಗಾಡಿಗೆ ವಿಮೆ ಮಾಡುವ ಕಂಪೆನಿ ಇನ್ನೂ ಹುಟ್ಟಿಲ್ಲ. ಕಾಣದ ಸಮುದ್ರಕ್ಕೆಲ್ಲ ಲೆಕ್ಕ ಇಟ್ಟವರು ದಿನಾ ಕಾಣುವ ದಾರಿಯನ್ನು ಮರೆತಿದ್ದರು. ಮನೆಯಲ್ಲಿ ಹೆಂಡತಿ ಬಸವಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಂಗ್ಲೀಷರ ನೀರಿಗೆ ಹೆದರಿದ್ರಿ, ನಮ್ಮೂರ ಹಳ್ಳಕ್ಕೆ ಹೆದರ್ಲಿಲ್ಲ," ಎಂದಳು. ನಷ್ಟವನ್ನು ಮೈಮೇಲೆ ಹಾಕಿಕೊಂಡು ಕೂತವರಿಗೆ ಆ ನಗುವೇ ಮದ್ದಾಯಿತೇನೋ, ಮರುದಿನ ಎದ್ದು ಹಳ್ಳದ ಕಡೆಯ ಗಾಡಿಯವರ ಹಟ್ಟಿಗೆ ಹೋದರು.

ಹೊಡೆಯಲು ಬಂದರೆಂದು ಗಾಡಿಯವರು ಅಡಗಿದರು. ಮೀಸೆ ಚಿಗುರುತ್ತಿದ್ದ ಕದರಪ್ಪನೊಬ್ಬನೇ ಎದುರಿಗೆ ನಿಂತ.

"ನಾವೇನು ಬೇಕಂತ ಒಡೆದ್ವಾ ಸಾಮಿ? ಟೇಸನ್ನಾಗೆ ಯಾರೋ ತುಂಬಿದ್ರು. ಕೊರಟಗೆರೇಲಿ ಇನ್ಯಾರೋ ಗಾಡಿ ಬದ್ಲಾಯ್ಸಿದ್ರು. ಒಳಗೆ ಏನೈತೆ ಅಂತ ಒಬ್ಬನಾದ್ರೂ ನಮ್ಗೆ ಯೋಳಿದ್ನಾ? ಮೊಳೆ ಅಂದ್ಕಂಡು ಹೊಡ್ಕಂಡ್ ಬಂದ್ಬುಟ್ಟೆ."

ಶಂಕರಲಿಂಗಪ್ಪನವರು ಚೀಲದಿಂದ ಉಳಿದಿದ್ದ ಒಂದು ಗಾಜನ್ನು ತೆಗೆದು ಅವನ ಕೈಗಿಟ್ಟರು. ಅಷ್ಟು ತೆಳುವಾದದ್ದನ್ನು ಕದರಪ್ಪ ಹಿಂದೆಂದೂ ಮುಟ್ಟಿರಲಿಲ್ಲ. ಆಚೆ ಬೆಟ್ಟ ಕಾಣುತ್ತಿತ್ತು, ಗಾಜು ಕಾಣುತ್ತಿರಲಿಲ್ಲ. ಅಡಗಿದ್ದವರೆಲ್ಲ ಒಬ್ಬೊಬ್ಬರೇ ಬಂದು ಸುತ್ತ ನಿಂತರು.

"ತಪ್ಪು ನಂದು," ಎಂದರು ಶಂಕರಲಿಂಗಪ್ಪನವರು. "ಇನ್ಮೇಲೆ ಸ್ಟೇಷನ್ನಿಂದ ಅಂಗಡಿ ತನಕ ಕೈ ಬದಲಾಗಕೂಡದು. ತುಂಬಿದ ಕೈಯೇ ಇಳಿಸಬೇಕು. ನೂರಕ್ಕೆ ಇಷ್ಟು ಒಡೀಬಹುದು ಅಂತ ಒಡಕಿನ ಬಾಬ್ತು ಅಂದಾಜಲ್ಲೇ ಬರೀತೀನಿ. ಆ ಬಾಬ್ತಲ್ಲಿ ಒಡೀದೆ ಉಳಿದ ಗಾಜು ನಿಮ್ಮದು. ವರ್ತಕರು ಒಪ್ಪದಿದ್ರೆ ನಾನು ಅಂದಾಜು ಹೇಳಲ್ಲ."

ವರ್ತಕರು ಗೊಣಗಿ ಒಪ್ಪಿದರು. ಮುಂದಿನ ಮಾಲು ಬಂದಾಗ ಗಾಡಿಯವರು ಬಸುರಿ ಹೆಂಡಿರನ್ನೂ ಅಷ್ಟು ಜೋಪಾನ ಮಾಡಿದವರಲ್ಲ ಎಂದು ಹಟ್ಟಿಯ ಹೆಂಗಸರೇ ಆಡಿಕೊಂಡರು. ಆ ವರ್ಷ ದೀಪಾವಳಿಗೆ, ಪೇಟೆಯ ಎಷ್ಟೋ ಮನೆಗಳಲ್ಲಿ ಇನ್ನೂ ಹರಳೆಣ್ಣೆ ಹಣತೆ ಹೊಗೆಯಾಡುತ್ತಿದ್ದಾಗ, ಗಾಡಿಯವರ ಹಟ್ಟಿಯಲ್ಲಿ ಗಾಜಿನ ದೀಪ ಉರಿದವು.

*

ಹಳ್ಳದ ದಂಡೆಯಲ್ಲಿ ಆ ಹಟ್ಟಿಯವರು ಕಾಯುತ್ತಿದ್ದರು. ಗುಂಡಿ ತೋಡಿಸಲು ಹೋದ ಸೈಕಲ್ಲಿನವನು ದಾರಿಯಲ್ಲಿ ಸುದ್ದಿ ಹೇಳಿ ಹೋಗಿದ್ದ. ಹೆಚ್ಚಿನವರು ಮುದುಕರು. ಲಾರಿ ಬಂದ ಮೇಲೆ ಗಾಡಿ ಮಾರಿದವರು, ಎತ್ತು ಮಾರಿದವರು. ಹಿಂದಿನ ರಾತ್ರಿಯ ಮಳೆಗೆ ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು ಹರಿಯುತ್ತಿತ್ತು.

"ಎತ್ತು ಬಿಚ್ಲಾ ಕದರಾ," ಎಂದ ಅವರಲ್ಲಿ ಹಿರಿಯನಾದ ಬೈರಪ್ಪ. "ನೀರು ಕಂಡು ಬೆದರ್ತವೆ. ನಾವೇ ದಾಟ್ಸಾನ."

ಎತ್ತು ಬಿಚ್ಚಿದರು. ನೊಗಕ್ಕೆ ಇಬ್ಬರು ಹೆಗಲು ಕೊಟ್ಟರು, ಉಳಿದವರು ಗಾಲಿಯ ಅರಗಳನ್ನು ಹಿಡಿದು ಒಂದೊಂದೇ ತಿರುಗಿಸತೊಡಗಿದರು. ಕದರಪ್ಪ ಮುಂದೆ ನಡೆದು ಕಾಲಿನಿಂದ ನೀರಿನ ತಳ ತಡವುತ್ತ, "ಎಡಕ್ಕೆ ಗುಂಡೈತೆ... ತಡೀರಿ... ಈಗ ಬರ್ಲಿ," ಎಂದು ಹೇಳುತ್ತಿದ್ದ. ನಡುನೀರಿನಲ್ಲಿ ಗಾಡಿ ಒಂದು ಕಡೆ ವಾಲಿತು. ಸರಸಮ್ಮ ಎರಡೂ ಕೈಯಿಂದ ಅಪ್ಪನ ಭುಜ ಹಿಡಿದಳು. ಹಿಡಿಯಬೇಕಾಗಿರಲಿಲ್ಲ, ಹುಲ್ಲು ಹಿಡಿದಿತ್ತು. ಕತ್ತು ಕೂದಲಷ್ಟೂ ಅಲುಗಲಿಲ್ಲ.

ಧಪ್ ಎಂದು ನೀರಿಗೆ ಯಾರೋ ಇಳಿದ ಸದ್ದಾಯಿತು. ಗುರುಶಾಂತಪ್ಪ. ಪಂಚೆ ಎತ್ತಿ ಕಟ್ಟಿ, ಮೆಟ್ಟು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಿಂದಿನಿಂದ ಗಾಡಿಗೆ ಎದೆ ಕೊಟ್ಟಿದ್ದ.

"ನೀವ್ಯಾಕೆ ಬುದ್ಧೀ," ಎಂದ ಬೈರಪ್ಪ.

"ನಮ್ಮಣ್ಣ ಕಣಯ್ಯ ಒಳಗಿರೋದು. ತಳ್ಳು."

ಆಚೆ ದಡ ಹತ್ತಿದ ಮೇಲೆ ಬೈರಪ್ಪ ಗಾಡಿಯೊಳಗೆ ಇಣುಕಿ ನೋಡಿದ. "ಸರಸವ್ವ, ನಿಮ್ಮಪ್ಪಾರು ಅಂದಾಜು ಯೋಳಿದ್ರೆ ಮದ್ರಾಸಿನೋರೂ ಕೈ ಮುಗೀತಿದ್ರಂತೆ. ಆದ್ರೆ ಒಳಗೇನೈತೆ ಅಂತ ನಮ್ಗೆ ತೋರ್ಸಿದೋರು ಅವರೊಬ್ರೇ," ಎಂದ. ಸರಸಮ್ಮನಿಗೆ, ಇಂಥವರ ಮಗಳು ನಾನು ಎಂದು ಆ ಹಳ್ಳದ ದಂಡೆಯಲ್ಲಿ ಕೂಗಿ ಹೇಳಬೇಕೆನ್ನಿಸಿತು.

*

ಹೋದ ತಿಂಗಳು ಹಾಸಿಗೆಯಲ್ಲಿ ಮಲಗಿದ್ದ ಶಂಕರಲಿಂಗಪ್ಪನವರು ಮಗಳನ್ನು ಕರೆದು ಪಕ್ಕ ಕೂರಿಸಿಕೊಂಡಿದ್ದರು.

"ಒಂದು ಅಂದಾಜು ಹೇಳು ನೋಡೋಣ ಮಗಾ. ಮಾಲು ಕೊರಟಗೆರೇಲಿದೆ. ಮಧುಗಿರಿ ಬೆಟ್ಟದ ಕೆಳಗೆ, ನಿಮ್ಮಮ್ಮನ ಪಕ್ಕಕ್ಕೆ ಮುಟ್ಬೇಕು."

ಸರಸಮ್ಮನಿಗೆ ಅರ್ಥವಾಗಿ ಕಣ್ಣು ತುಂಬಿತು. ಅಪ್ಪ ಬಿಡುವವರಲ್ಲ. "ಅಳ್ಬೇಡ, ಬಾಬ್ತು ಹೇಳು."

"ಒಂದು ಗಾಡಿ. ಹುಲ್ಲು. ಒಂದು ಹಗಲು."

"ಒಡಕು?"

"ಒಡಕಿನ ಬಾಬ್ತು ಹಾಕಲ್ಲ ಅಪ್ಪ," ಎಂದಳು ಸರಸಮ್ಮ. "ಕದರಣ್ಣನ್ನ ಕರೆಸ್ತೀನಿ."

ಶಂಕರಲಿಂಗಪ್ಪನವರು, "ಅಂದಾಜು ಸರಿಯಾಗಿದೆ," ಎಂದು ಕಣ್ಣು ಮುಚ್ಚಿ ನಿದ್ದೆ ಹೋದರು.

*

ಮಧುಗಿರಿಯ ಬಂಡೆಯ ಮೇಲೆ ಇನ್ನೂ ಬಿಸಿಲಿರುವಾಗಲೇ ಗಾಡಿ ಬೆಟ್ಟದ ಕೆಳಗಿನ ಅವರ ತೋಟದ ಬೇಲಿಯ ಹತ್ತಿರ ನಿಂತಿತು. ಅರ್ಧ ಪೇಟೆ ಅಲ್ಲಿ ನೆರೆದಿತ್ತು. ಬಸವಮ್ಮನ ಸಮಾಧಿಯ ಪಕ್ಕ ಗುಂಡಿ ತೋಡಿ, ಒಳಗೋಡೆಯಲ್ಲಿ ಕೂರಿಸುವ ಗೂಡು ಕೊರೆದು, ಪತ್ರೆ, ವಿಭೂತಿ ಗಟ್ಟಿ ಎಲ್ಲ ಸಿದ್ಧವಾಗಿಟ್ಟಿದ್ದರು.

ಕದರಪ್ಪ ಮೇಲಿನ ಮಡಿ ಸರಿಸಿದ. ಜನ ಮುಂದೆ ಬಂದು ನೋಡಿದರು. ಶಂಕರಲಿಂಗಪ್ಪನವರು ಜಗಲಿಯ ಮೇಲೆ ಕೂತಿರುತ್ತಿದ್ದ ಹಾಗೆಯೇ ಕೂತಿದ್ದರು.

"ಸಾಕು ಕದರಪ್ಪ, ದೊಡ್ಡ ಉಪಕಾರ ಆಯ್ತು," ಎಂದ ಗುರುಶಾಂತಪ್ಪ. "ಇಲ್ಲಿಂದ ನಮ್ಮೋರು ನೋಡ್ಕೊಳ್ತಾರೆ." ನಂಟರ ಪೈಕಿ ಇಬ್ಬರು ಗಟ್ಟಿಮುಟ್ಟಾದವರು ಗಾಡಿ ಹತ್ತಿ, ಒಬ್ಬ ಹಲಗೆಗೂ ಇನ್ನೊಬ್ಬ ಕಂಕುಳಿಗೂ ಕೈ ಹಾಕಿ ಎತ್ತಿದರು. ಹಲಗೆ ಒಂದು ಕಡೆ ಎದ್ದಿತು, ಮೈ ಇನ್ನೊಂದು ಕಡೆ ಜಗ್ಗಿತು. ತಲೆ ವಾಲಿತು. ಅಂಗೈಯ ಲಿಂಗ ಬೆರಳ ಅಂಚಿಗೆ ಜಾರಿತು.

"ಬುಡ್ರಲಾ!" ಎಂದು ಕದರಪ್ಪ ಕಿರುಚಿ, ಲಿಂಗ ಹಿಡಿದ ಆ ಕೈಯನ್ನು ತನ್ನೆರಡೂ ಕೈಗಳಿಂದ ಕೆಳಗಿನಿಂದ ಆತುಕೊಂಡ. ಇಬ್ಬರೂ ಬೆದರಿ ಬಿಟ್ಟರು. ತಲೆ ಮತ್ತೆ ಹುಲ್ಲಿಗೊರಗಿತು.

ಗುಂಪಿನಲ್ಲಿ ಪಿಸುಮಾತು ಎದ್ದಿತು. ಈಗ ಎಲ್ಲರಿಗೂ ಕಂಡಿತ್ತು: ಲಿಂಗವಿಲ್ಲದವನ ಕೈ, ಲಿಂಗ ಹಿಡಿದ ಕೈಯ ಕೆಳಗೆ.

ಸರಸಮ್ಮ ಗಾಡಿಯಿಂದಿಳಿದು ಚಿಕ್ಕಪ್ಪನ ಮುಂದೆ ನಿಂತಳು.

"ಚಿಕ್ಕಪ್ಪ, ಕಟ್ಟು ಎಲ್ಲೆಲ್ಲಿದೆ ಅಂತ ಗೊತ್ತಿರೋದು ಕದರಣ್ಣ ಒಬ್ಬನಿಗೇ. ಅವನೇ ಇಳಿಸ್ಲಿ. ಗುಂಡಿ ಒಳಗೂ ಅವನೇ."

"ನಮ್ಮ ಪದ್ಧತಿ ಏನು, ನೀನು ಹೇಳೋದೇನು? ಲಿಂಗವಂತರು ಬಿಟ್ಟು ಬೇರೆಯೋರು ಗುಂಡಿಗಿಳಿದದ್ದು ಈ ಊರಲ್ಲಿ ಉಂಟಾ? ನಾಳೆ ಪೇಟೇಲಿ ನಾನು ಮುಖ ಎತ್ಕೊಂಡು ಓಡಾಡ್ಬೇಕು."

"ಆ ಗಾಜು ಒಡೆದ ಮೇಲೆ ಪೇಟೆಗೆ ಅಪ್ಪ ತರಿಸಿಕೊಟ್ಟಿದ್ದರಲ್ಲಿ ಒಂದಾದ್ರೂ ದಾರೀಲಿ ಕೈ ಬದಲಾಯಿಸಿದ್ದು ಉಂಟಾ? ಊರಿಗೆಲ್ಲ ಹಾಗೆ ಮುಟ್ಟಿಸಿದೋರನ್ನ, ಅವರ ಸರದಿ ಬಂದಾಗ, ಕೊನೇ ಗೇಣಲ್ಲಿ ಒಡೀಬೇಕಾ?"

ಗುರುಶಾಂತಪ್ಪನೂ ಜನರೂ ರೇಣುಕಯ್ಯನವರ ಕಡೆ ತಿರುಗಿದರು. ಕದರಪ್ಪ ತಾನೇ ಹಿಂದೆ ಸರಿಯಲು ನೋಡಿದ. "ನಂಗ್ಯಾಕವ್ವ ಇದೆಲ್ಲ? ಕಟ್ಟು ಎಲ್ಲೈತೆ ಅಂತ ಯೋಳ್ತೀನಿ, ಅವ್ರೇ..."

"ಕೈ ಬಿಡಬೇಡಯ್ಯ," ಎಂದರು ರೇಣುಕಯ್ಯನವರು. "ಲಿಂಗ ಬಿದ್ದೀತು." ಆಮೇಲೆ ಸುತ್ತ ನಿಂತವರಿಗೆ ಕೇಳುವಂತೆ ಹೇಳಿದರು: "ಕೊರಟಗೆರೆಯಿಂದ ಇಲ್ಲೀತನಕ ಆ ಲಿಂಗನ ಕಾಯ್ದೋನು ಇವನು. ನಾನು ಬರೀ ಜೊತೇಲಿ ಬಂದೆ. ಗುಂಡಿಗೆ ಇಳೀಬೇಡ ಅಂತ ಇವನಿಗೆ ಹೇಳೋ ಯೋಗ್ಯತೆ ನಂಗಿಲ್ಲ. ಇದ್ದೋರು ಮುಂದೆ ಬರ್ಲಿ."

ಯಾರೂ ಬರಲಿಲ್ಲ.

ಕದರಪ್ಪ ಒಬ್ಬೊಬ್ಬರಿಗೆ ಎಲ್ಲಿ ಹಿಡಿಯಬೇಕೆಂದು ತೋರಿಸಿದ. ತಾನು ಮೊದಲು ಗುಂಡಿಗಿಳಿದ. ಮೇಲಿನಿಂದ ಹಲಗೆ ಸಮೇತ ಇಳಿಸಿದರು. ಕೆಳಗೆ ಅವನ ತೋಳುಗಳು ಕಾಯುತ್ತಿದ್ದವು. ಗೂಡಿನಲ್ಲಿ ಕೂರಿಸಿ, ಒಂದೊಂದೇ ಗಂಟು ಬಿಚ್ಚಿ, ಹಲಗೆ ಜಾರಿಸಿ ತೆಗೆದು, ತಲೆಯನ್ನು ಮಣ್ಣಿಗೆ ಒರಗಿಸಿದ. ರೇಣುಕಯ್ಯನವರು ಮೇಲಿನಿಂದ ಮಂತ್ರ ಹೇಳುತ್ತ ಪತ್ರೆ ಕೊಟ್ಟರು, ವಿಭೂತಿ ಕೊಟ್ಟರು. ಎಲ್ಲವನ್ನೂ ಅವನ ಕೈಯೇ ಇಟ್ಟಿತು. ಗುಂಡಿಯ ಅಂಚಿನಲ್ಲಿ ಮಂಡಿಯೂರಿದ್ದ ಸರಸಮ್ಮ ಬಗ್ಗಿ ನೋಡಿದಳು. ಲಿಂಗ ಅಂಗೈಯ ನಡುವೆಯೇ ಇತ್ತು.

ಇನ್ನು ಮಣ್ಣು ಹಾಕಬೇಕು. ಕದರಪ್ಪ ಹೊರಗೆ ಬರಬೇಕು. ಗುಂಡಿ ಆಳವಾಗಿತ್ತು, ಅವನಿಗೂ ವಯಸ್ಸಾಗಿತ್ತು. ಅಂಚು ಹಿಡಿದು ಒಂದು ಸಲ ಹಾರಿ ನೋಡಿದ, ಮಣ್ಣು ಕುಸಿದು ಮತ್ತೆ ಒಳಗೇ ಬಿದ್ದ. ಮೇಲೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇಣುಕಯ್ಯನವರು ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದರು.

"ಕೊಡು ಕೈ."

ಕದರಪ್ಪ ಮೊಣಕೈ ತನಕ ಬೆಳ್ಳಗೆ ವಿಭೂತಿ ಮೆತ್ತಿದ್ದ ತನ್ನ ಕೈಯನ್ನು ನೋಡಿಕೊಂಡು, ಸೊಂಟದ ಬಟ್ಟೆಗೆ ಒರೆಸಿಕೊಳ್ಳಲು ಹೋದ. ಅಷ್ಟರಲ್ಲಿ ರೇಣುಕಯ್ಯನವರು ಅದನ್ನು ಹಾಗೆಯೇ ಹಿಡಿದಿದ್ದರು. ಇನ್ನೊಂದು ತೋಳಿಗೆ ಗುರುಶಾಂತಪ್ಪ ಕೈ ಹಾಕಿದ.